ಕೆಂಪಮ್ಮನ ಬಳ್ಳ

ಮೊನ್ನೆ ಸಂಕ್ರಾಂತಿಯ ಬೆಳಿಗ್ಗೆ ಪಕ್ಕದ ಮನೆಯ ಕಿಟಕಿಯಿಂದ ಹೊಸ ಅಕ್ಕಿ ಬೇಯುವ ವಾಸನೆ ಬಂತು. ಹೊಸ ಅಕ್ಕಿಗೆ ಹಸಿಯಾದ, ಹಾಲಿನಂಥ ಒಂದು ವಾಸನೆ ಇರುತ್ತದೆ; ಹಳೆಯ ಅಕ್ಕಿಗೆ ಅದಿಲ್ಲ. ಅದರ ಮೇಲೆ ಬೆಲ್ಲ ಬಿತ್ತೆಂದರೆ ಶಂಕರಪುರದ ನಮ್ಮ ಬೀದಿಯನ್ನು ಯಾರೂ ಸುಮ್ಮನೆ ದಾಟಿ ಹೋಗಲಾರರು. ನಾನು ಮಾತ್ರ ಎದ್ದು ಕಿಟಕಿ ಹಾಕಿದೆ. ಆಮೇಲೆ ಆ ಮನೆಯ ಸೊಸೆ ಡಬ್ಬಿಯಲ್ಲಿ ಹುಗ್ಗಿ ತಂದುಕೊಟ್ಟಾಗ, "ನಂಗೆ ಶುಗರ್ ಕಣಮ್ಮ" ಎಂದು ಸುಳ್ಳು ಹೇಳಿದೆ. ವಯಸ್ಸಾದ ಮೇಲೆ ಇದೊಂದು ಅನುಕೂಲ, ಯಾವುದನ್ನು ಬೇಡ ಎಂದರೂ ಡಾಕ್ಟರ ತಲೆಗೆ ಕಟ್ಟಬಹುದು.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯ ಮಾತು. ಆಗ ಈ ಮನೆಯಲ್ಲಿ ಮೂವರಿದ್ದೆವು: ಅಮ್ಮ, ನನ್ನ ಅಕ್ಕ ಶಾರದೆ, ನಾನು. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದಿದ್ದೆ. ಶಾರದಕ್ಕ ಮದುವೆಯೇ ಆಗಲಿಲ್ಲ. ನಮ್ಮಪ್ಪ ಅವಳನ್ನು ಚಾಮರಾಜಪೇಟೆಯ ಕನ್ನಡ ಶಾಲೆಗೆ ಹಾಕಿ, ಎಂಟು ವರ್ಷದ ನಂತರ ಹುಟ್ಟಿದ ನನ್ನನ್ನು ಕಾನ್ವೆಂಟಿಗೆ ಕಳಿಸಿದರು. ಹೀಗಾಗಿ ಅವಳಿಗೆ ಇತಿಹಾಸ ಬಂತು, ನನಗೆ ಹ್ಯಾಂಡ್‌ರೈಟಿಂಗ್ ಬಂತು. "ಲಲಿ, ನಿನ್ನ ಓದಿಗೆ ಖರ್ಚು ಮಾಡಿದ್ದು ಒಂದು ದಿನ ಉಪಯೋಗಕ್ಕೆ ಬರತ್ತೆ ಬಿಡು" ಎಂದು ಅವಳು ಆಗಾಗ ಚುಚ್ಚುತ್ತಿದ್ದಳು. ಆ ವರ್ಷ ಉಪಯೋಗಕ್ಕೆ ಬಂತು. ಅವಳ ಮ್ಯೂಸಿಯಮ್ಮಿನ ಲೇಬಲ್‌ಗಳನ್ನೆಲ್ಲ ಕನ್ನಡ, ಇಂಗ್ಲಿಷು ಎರಡರಲ್ಲೂ ಬರೆದವಳು ನಾನು.

ಮ್ಯೂಸಿಯಂ ಇದ್ದದ್ದು ಹಿರೇಮೆಟ್ಟಿನಲ್ಲಿ. ರಾಜ್ಯದ ಅಂಚಿನ ಬೆಟ್ಟಗಳ ಮೇಲಿನ ಪುಟ್ಟ ಊರು ಅದು. ಬಸ್ಸು ಹತ್ತಿ ಹತ್ತಿ ಸುಸ್ತಾಗಿ ಕೊನೆಗೆ ನಿಲ್ಲುವ ಜಾಗ. ಹಗಲಿನಲ್ಲೂ ಮಂಜು ಅಂಗಡಿಗಳ ಒಳಗೆ ಬಂದು ಕೂತಿರುತ್ತಿತ್ತು. ಅಕ್ಕ ಇಪ್ಪತ್ತರ ಹುಡುಗಿಯಾಗಿದ್ದಾಗ ಅಲ್ಲಿನ ಸರ್ಕಾರಿ ಶಾಲೆಗೆ ಟೀಚರಾಗಿ ಹೋಗಿ ಎರಡು ವರ್ಷ ಇದ್ದಳು. ಆಮೇಲೆ ಎಂ.ಎ. ಮಾಡಿ ಬೆಂಗಳೂರಿನಲ್ಲಿ ಲೆಕ್ಚರರ್ ಆದರೂ ಅವಳ ಮನಸ್ಸು ಆ ಬೆಟ್ಟದಿಂದ ಇಳಿಯಲೇ ಇಲ್ಲ. ರಿಟೈರ್ ಆದ ಮಾರನೆಯ ವರ್ಷ, ಆ ಊರಿನಲ್ಲಿ ಬಳಕೆ ತಪ್ಪಿ ಬಿದ್ದಿದ್ದ ಹಳೆಯ ಮುಸಾಫಿರಖಾನೆಯನ್ನು ಕೇಳಿ ಪಡೆದು, ಅಲ್ಲಿನ ಜನರ ಹಳೆಯ ಸಾಮಾನುಗಳನ್ನೆಲ್ಲ ಒಂದು ಕಡೆ ಸೇರಿಸಿ ಇಡಲು ಹೊರಟಳು.

ಕೆಂಪಮ್ಮ ಆ ಊರಿನವಳು. ಅಕ್ಕ ಟೀಚರಾಗಿದ್ದಾಗ ಬಾಡಿಗೆಗಿದ್ದದ್ದು ಅವಳ ಮನೆಯ ಹೊರಕೋಣೆಯಲ್ಲಿ. ಆಗಿನ್ನೂ ಕೆಂಪಮ್ಮ ಹೊಸ ಮದುವಣಗಿತ್ತಿ. ಗಂಡ ಸಿದ್ದಯ್ಯ ಕಿತ್ತಳೆ ಹಣ್ಣು ಬೆಳೆದು ಮಾರುವವನು. ಅಕ್ಕನ ಕಬ್ಬಿಣದ ಟ್ರಂಕನ್ನು ತಲೆಯ ಮೇಲೆ ಹೊತ್ತು ತಂದು, "ಮೇಷ್ಟ್ರಮ್ಮ, ಇದ್ರಲ್ಲಿ ಪುಸ್ತಕ ಅವೋ, ಬೆಂಗ್ಳೂರ್ನೇ ತುಂಬ್ಕಂಡು ಬಂದಿದ್ದೀರೋ" ಎಂದಿದ್ದನಂತೆ. ಅಕ್ಕ ಊರು ಬಿಟ್ಟ ಕೆಲವು ವರ್ಷಗಳ ನಂತರ ಅವನು ಒಂದು ದಿನ ಲಾರಿಯಲ್ಲಿ ಹಣ್ಣು ತುಂಬಿಕೊಂಡು ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಹೋದವನು ಮರಳಿ ಬರಲಿಲ್ಲ. ಅಷ್ಟು ಅಕ್ಕನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವಳು ಕೇಳಿರಲಿಲ್ಲ. ಕೈತುಂಬ ಬಳೆ, ಹಣೆಯಲ್ಲಿ ಕುಂಕುಮ ಇಟ್ಟುಕೊಂಡಿರುವ ಹೆಂಗಸನ್ನು ನಿನ್ನ ಗಂಡ ಏನಾದ ಎಂದು ಕೇಳುವುದು ಹೇಗೆ? ನಮ್ಮ ಮನೆಯ ಸಂಸ್ಕಾರವೇ ಅಂಥದ್ದು. ಕಾನ್ವೆಂಟಿನಲ್ಲಿ ನನಗೂ ಅದನ್ನೇ ಕಲಿಸಿದ್ದರು, ಪರ್ಸನಲ್ ಕ್ವೆಶ್ಚನ್ಸ್ ಕೇಳುವುದು ಬ್ಯಾಡ್ ಮ್ಯಾನರ್ಸ್.

ಆ ವರ್ಷದ ಸಂಕ್ರಾಂತಿ ಕಳೆದ ಮೇಲೆ ಅಕ್ಕನೂ ನಾನೂ ಸಾಮಾನು ಕೂಡಿಸಲು ಬೆಟ್ಟಕ್ಕೆ ಹೋದೆವು. ಸುಗ್ಗಿ ಮುಗಿದಿತ್ತು. ಬೆಳಗಿನ ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಜನ ನೇಗಿಲು, ಜೇನು ಕೀಳುವ ಹಗ್ಗ, ಬಿದಿರಿನ ಕೊಳಗ, ಯಾರದೋ ಅಜ್ಜಿಯ ಕಾಲಿನ ಕಡಗ, ಎಲ್ಲ ತಂದುಕೊಟ್ಟರು. ಕೆಂಪಮ್ಮ ಏನೂ ಕೊಡಲಿಲ್ಲ. ನಮಗೆ ಊಟಕ್ಕೆ ಬಡಿಸುತ್ತ, ಎಲ್ಲವನ್ನೂ ನೋಡುತ್ತ ಇದ್ದಳು. ಮಧ್ಯೆ ಮಧ್ಯೆ ನನ್ನನ್ನು ಕೇಳುವಳು:

"ಅವ್ವಾ, ನಿಮ್ಮೂರ ಮಾರ್ಕೆಟ್ಟು ಭಾಳ ದೊಡ್ಡದಂತಲ್ಲ?"

"ಹೌದು, ಸಿಕ್ಕಾಪಟ್ಟೆ ರಶ್ಶು."

"ಒಬ್ರಿಗೊಬ್ರು ಕೈ ಬುಟ್ರೆ ಸಿಕ್ಕದೇ ಇಲ್ವಾ?"

"ಸಿಗೋದು ಕಷ್ಟ ಕಣಮ್ಮ. ನಾನೇ ಒಂದ್ಸಲ ಕಳೆದುಹೋಗಿದ್ದೆ."

"ಆಮ್ಯಾಕೆ ಸಿಕ್ಕುದ್ರಲ್ಲ?"

"ಸಿಕ್ಕಿದೆ, ಸಿಕ್ಕಿದೆ" ಎಂದು ನಾನು ನಕ್ಕೆ. ಅವಳೂ ನಕ್ಕಳು. ಅಷ್ಟಕ್ಕೇ ಅವಳ ಮುಖ ಯಾಕೆ ಹಾಗೆ ಅರಳಿತೆಂದು ನನಗೆ ಹೊಳೆಯಲಿಲ್ಲ. ಊರು ನೋಡದವಳ ಕುತೂಹಲ ಎಂದುಕೊಂಡೆ.

ನಾವು ಹೊರಡುವ ಹಿಂದಿನ ಸಂಜೆ ಅವಳು ಅಕ್ಕನ ಎದುರು ಬಂದು ಕೂತಳು.

"ಮೇಷ್ಟ್ರಮ್ಮ, ಈ ಮ್ಯೂಸಿಯಮ್ಮು ಅಂದ್ರೆ ಏನು ಮಾಡ್ತರೆ ಅಲ್ಲಿ?"

"ಏನೂ ಮಾಡಲ್ಲ ಕೆಂಪಮ್ಮ. ಇಟ್ಟು ಕಾಯ್ತಾರೆ. ಯಾವ ಸಾಮಾನೂ ಹಾಳಾಗದ ಹಾಗೆ ನೋಡ್ಕೋತಾರೆ."

"ಯಾರು ನೋಡ್ಕಳದು?"

"ಈಗ ನಾನು. ನನ್ನ ನಂತರ ಇನ್ಯಾರೋ."

"ನಾವು ಸತ್ತೋದ ಮ್ಯಾಲೂವ?"

"ನಾವು ಸತ್ತ ಮೇಲೂ. ಮ್ಯೂಸಿಯಂ ಅಂದ್ರೇ ಅದು."

ಕೆಂಪಮ್ಮ ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಒಳಗೆ ಹೋಗಿ, ದೇವರ ದೀಪದ ಪಕ್ಕದಲ್ಲಿದ್ದ ಹಿತ್ತಾಳೆಯ ಬಳ್ಳವನ್ನು ತಂದಳು. ಬಳ್ಳವೆಂದರೆ ಎರಡು ಸೇರು ಹಿಡಿಯುವ ಅಳತೆಯ ಪಾತ್ರೆ. ಅದರ ಕಂಠದ ಸುತ್ತ ಸಾಲಾಗಿ ಪುಟ್ಟ ಪುಟ್ಟ ಬಸವಗಳನ್ನು ಕೊರೆದಿದ್ದರು. ಒಳಗೆ ಕಂಠದವರೆಗೆ ಅಕ್ಕಿ. ಬಾಯಿಗೆ ಬಿಳಿಯ ಬಟ್ಟೆ ಕಟ್ಟಿ ಅಕ್ಕನ ಕೈಗೆ ಕೊಟ್ಟಳು.

"ಇದ್ದಂಗೇ ಇರ್ಬೇಕು ಕನ ಮೇಷ್ಟ್ರಮ್ಮ."

"ಇದ್ದ ಹಾಗೇ ಇರತ್ತೆ. ಬೆಂಗಳೂರಿಗೆ ತೊಗೊಂಡು ಹೋಗಿ ಕ್ಲೀನ್ ಮಾಡಿ, ಲೇಬಲ್ ಹಚ್ಚಿ, ಬೇಸಿಗೆ ಮುಗಿಯೋದ್ರೊಳಗೆ ವಾಪಸ್ ತರ್ತೀವಿ."

"ಬೆಂಗ್ಳೂರ್ಗಾ?" ಅವಳು ಬಳ್ಳದ ಮೇಲೆ ಕೈ ಇಟ್ಟಳು. "ಹೋಗಿ ಬರ್ಲಿ ಬುಡಿ. ಅಲ್ಲಿಗೆ ಹೋಗೋದು ಒಳ್ಳೇದೇಯ."

ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಇದನ್ನು ಬಚ್ಚಿಟ್ಟುಕೊಂಡು ಬರೆಯುವ ಧೈರ್ಯ ನನಗಿಲ್ಲ. ಅದು ಸಿದ್ದಯ್ಯನ ಪಾಲಿನ ಅಕ್ಕಿ. ಮನೆಯಿಂದ ಹೊರಟವರು ಹೇಳದೆ ಕೇಳದೆ ಮರೆಯಾದರೆ, ಅವರ ಪಾಲನ್ನು ಅಳತೆಯ ಪಾತ್ರೆಯಲ್ಲಿ ತುಂಬಿ ದೀಪದ ಬಳಿ ಇಡುವುದು ಆ ಬೆಟ್ಟದವರ ಪದ್ಧತಿ. ಸುಗ್ಗಿಗೊಮ್ಮೆ ಹಳೆಯ ಅಕ್ಕಿಯನ್ನು ಹಕ್ಕಿಗಳಿಗೆ ಹಾಕಿ ಹೊಸದನ್ನು ತುಂಬುತ್ತಾರೆ. ಆಗಲೂ ಅಡಿಯಲ್ಲಿ ಒಂದು ಹಿಡಿ ಉಳಿಸಿಕೊಳ್ಳುತ್ತಾರೆ, ಬರಿದಾಗಲು ಬಿಡುವುದಿಲ್ಲ. ಅಕ್ಕಿ ಇರುವ ತನಕ ಹೋದವನು ಬದುಕಿದ್ದಾನೆ. ಇನ್ನು ಬರಲಾರ ಎಂದು ಮನೆಯವರು ಕೈಚೆಲ್ಲಿದ ದಿನ ಅದೇ ಅಕ್ಕಿಯನ್ನು ಬೇಯಿಸಿ, ಬೆಲ್ಲ ಹಾಕಿ, ಎಲೆಯ ಮೇಲೆ ಬಡಿಸಿ ಉಣ್ಣುತ್ತಾರೆ. ಅಲ್ಲಿಗೆ ಅವನು ಸತ್ತ. ಕೆಂಪಮ್ಮನಿಗೆ ಮಕ್ಕಳಿರಲಿಲ್ಲ. ತಾನು ಹೋದ ಮೇಲೆ ಬಳ್ಳಕ್ಕೆ ಅಕ್ಕಿ ಹಾಕುವವರು ಯಾರು ಎಂಬುದೇ ಅವಳ ಚಿಂತೆಯಾಗಿತ್ತು. ನಾವು ಸತ್ತ ಮೇಲೂ ಕಾಯುವ ಒಂದು ಮನೆ ಇದೆ ಎಂದು ನನ್ನ ಅಕ್ಕ ಹೇಳಿದಳು. ಕೆಂಪಮ್ಮ ನಂಬಿ ಕೊಟ್ಟಳು.

ಗೋಣಿಚೀಲ, ಬುಟ್ಟಿ, ಹಳೆಯ ಸೀರೆಯ ಗಂಟುಗಳೊಂದಿಗೆ ನಾವು ಮಾರ್ಕೆಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಎರಡು ಆಟೋಗಳಲ್ಲಿ ಮನೆಗೆ ಬಂದೆವು. ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಯಾರ್ಯಾರ ಮನೆಯದೋ ಏನೋ. ತೊಳೀದೆ ಒಂದು ಲೋಟಾನೂ ಒಳಗೆ ಬರಕೂಡದು."

"ಅಮ್ಮಾ, ಇದು ಇತಿಹಾಸ" ಎಂದಳು ಅಕ್ಕ.

"ಇತಿಹಾಸಾನೂ ತೊಳೀರಿ."

ಹಾಗಾಗಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಹಿರೇಮೆಟ್ಟಿನ ಇತಿಹಾಸ ಸಾಲಾಗಿ ಕೂತಿತು. ಅಕ್ಕನ ಇಬ್ಬರು ಹಳೆಯ ವಿದ್ಯಾರ್ಥಿನಿಯರು ಸಹಾಯಕ್ಕೆ ಬಂದರು. ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. ಅಕ್ಕ ಎಲ್ಲಿಂದಲೋ ಒಂದು ಪಾಂಫ್ಲೆಟ್ ತರಿಸಿ ಓದಿದ್ದಳು: ಗಾಜಿನ ಪೆಟ್ಟಿಗೆಯಲ್ಲಿ ಇಡುವ ವಸ್ತುಗಳ ಒಳಗೆ ಧಾನ್ಯ ಇರಬಾರದು, ಹುಳು ಬೀಳುತ್ತದೆ, ಇಲಿ ಬರುತ್ತದೆ. ಕೆಂಪಮ್ಮನ ಬಳ್ಳದ ಸರದಿ ಬಂದಾಗ ಅವಳು ಬಟ್ಟೆ ಬಿಚ್ಚಿ ಅಕ್ಕಿಯನ್ನು ಮೊರಕ್ಕೆ ಸುರಿದಳು.

"ಏನು ಮಾಡೋದು ಇದನ್ನ? ಹಸುಗೆ ಹಾಕೋದಾ?"

ಅಮ್ಮ ಅಡುಗೆಮನೆಯಿಂದಲೇ ಗದರಿದಳು. "ಹಸುಗೆ ಯಾಕೆ ಹಾಕ್ತೀ? ಹಸಿ ಅಕ್ಕಿಗೆ ಮೈಲಿಗೆ ಇಲ್ಲ. ತಾ ಇಲ್ಲಿ." ಬಂದು ಬೆರಳಲ್ಲಿ ಉಜ್ಜಿ, ಮೂಸಿ ನೋಡಿದಳು. "ಹೊಸ ಅಕ್ಕಿ. ಅನ್ನಕ್ಕಾದ್ರೆ ಮುದ್ದೆಯಾಗತ್ತೆ. ಹುಗ್ಗಿಗೆ ಬಂಗಾರ ಇದು."

ಆ ಮಧ್ಯಾಹ್ನ ಹಜಾರದಲ್ಲಿ ಬಾಳೆ ಎಲೆ ಹಾಕಿಕೊಂಡು ನಾವೆಲ್ಲ ಕೂತೆವು. ಬೆಳಗಿನಿಂದ ಕಲ್ಲಿನ ಮೇಲೆ ಕೂತು ಉಜ್ಜಿ ಸೊಂಟ ನೋಯುತ್ತಿತ್ತು. ಹುಗ್ಗಿಗೆ ಅಮ್ಮ ತುಪ್ಪವನ್ನು ಧಾರಾಳವಾಗಿ ಹಾಕಿದ್ದಳು. ವಿದ್ಯಾರ್ಥಿನಿಯೊಬ್ಬಳು, "ಅಜ್ಜೀ, ಇಂಥ ಅಕ್ಕಿ ಎಲ್ಲಿ ಸಿಗತ್ತೆ?" ಎಂದು ಕೇಳಿದಳು. ಅಮ್ಮ, "ಹಿಸ್ಟರೀಲಿ ಸಿಗತ್ತೆ, ಓದು" ಎಂದಳು. ಎಲ್ಲರೂ ನಕ್ಕೆವು. ನಾನು ಎರಡನೆಯ ಸಲ ಹಾಕಿಸಿಕೊಂಡೆ. ಉಣ್ಣುವಾಗ ಅಕ್ಕ, "ಕೆಂಪಮ್ಮನಿಗೆ ಹೇಳ್ಬೇಕು, ಒಂದು ಕಾಳೂ ಚೆಲ್ಲಲಿಲ್ಲ ಅಂತ" ಎಂದಳು. ಅದೆಷ್ಟು ತೃಪ್ತಿಯಿಂದ ಹೇಳಿದಳೋ! ನಮ್ಮ ಮನೆಗಳಲ್ಲಿ ಡಬ್ಬಿ ಬರಿದಾದರೂ ಅಕ್ಕಿ ಇಲ್ಲ ಎನ್ನುವುದಿಲ್ಲ, ಅಕ್ಕಿ ಹೆಚ್ಚಿದೆ ಎನ್ನುತ್ತೇವೆ. ಯಾರ ಪಾತ್ರೆಯನ್ನೂ ಬರಿದಾಗಿ ಹಿಂತಿರುಗಿಸುವುದಿಲ್ಲ, ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಅಷ್ಟೆಲ್ಲ ಗೊತ್ತಿದ್ದವರು ನಾವು. ಆದರೆ ಮ್ಯೂಸಿಯಮ್ಮಿಗೆ ಹೋಗುವ ಪಾತ್ರೆ ಯಾರದೋ ಮನೆಯ ಪಾತ್ರೆ ಎಂದು ನಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ.

ಬೇಸಿಗೆಯೆಲ್ಲ ನಾನು ಲೇಬಲ್ ಬರೆದೆ. ಮಧ್ಯಾಹ್ನದ ಬಿಸಿಲಿಗೆ ಕಿಟಕಿಯ ಬಾಗಿಲು ಮುಚ್ಚಿ, ಫ್ಯಾನಿನ ಗಾಳಿಗೆ ಕಾರ್ಡು ಹಾರದಂತೆ ಅಮ್ಮನ ಅಡಕತ್ತರಿ ಇಟ್ಟು, ಇಂಡಿಯನ್ ಇಂಕಿನಲ್ಲಿ ಬರೆಯುತ್ತಿದ್ದೆ. ಅಕ್ಕ ಹಿಂದೆ ನಿಂತು ಹೇಳುತ್ತಿದ್ದಳು. ಎಷ್ಟೋ ವರ್ಷಗಳ ನಂತರ ನಾವಿಬ್ಬರೂ ಒಂದೇ ಕೆಲಸದಲ್ಲಿ ಕೂತಿದ್ದೆವು. ನಾನು ಗಂಡನನ್ನು ಕಳೆದುಕೊಂಡ ದುಃಖದಿಂದ ಎದ್ದು ಕೂತದ್ದು ಆ ಬೇಸಿಗೆಯಲ್ಲೇ. ಅಕ್ಕನಂತೂ ಹುಡುಗಿಯ ಹಾಗೆ ಆಗಿದ್ದಳು. ಗಾಂಧಿ ಬಜಾರಿನಿಂದ ಕಾಫಿಪುಡಿ ತರಲು ಹೋದವಳು ಅದನ್ನು ಮರೆತು, ಪ್ರದರ್ಶನದ ಪೆಟ್ಟಿಗೆಗೆ ಹಾಸಲು ಕೆಂಪು ವೆಲ್ವೆಟ್ ತಂದಿದ್ದಳು.

ಮೊದಲ ಮಳೆ ಬೀಳುವ ಮುನ್ನ ಮ್ಯೂಸಿಯಂ ತೆರೆಯಿತು. ಮುಸಾಫಿರಖಾನೆಗೆ ಸುಣ್ಣ ಹೊಡೆದು ತೋರಣ ಕಟ್ಟಿದ್ದರು. ತಾಲ್ಲೂಕಿನಿಂದ ಬಂದ ದೊಡ್ಡವರೊಬ್ಬರು ಟೇಪ್ ಕತ್ತರಿಸಿದರು. ಊರಿನವರು ಒಳಗೆ ನುಗ್ಗಿ, ಗಾಜಿನ ಹಿಂದೆ ತಮ್ಮ ತಮ್ಮ ಸಾಮಾನುಗಳನ್ನು ಹುಡುಕಿ, "ಲೇ, ನಮ್ಮ ನೇಗ್ಲಿಗೆ ಹಾಸ್ಗೆ ಹಾಸವ್ರೆ ನೋಡ್ಲಾ, ನಮಗೇ ಇಲ್ಲ" ಎಂದು ಕೂಗಾಡುತ್ತಿದ್ದರು. ಕೆಂಪಮ್ಮ ಹೊಸ ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಬಂದಿದ್ದಳು. ಅಕ್ಕ ಅವಳ ಕೈಹಿಡಿದು ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋದಳು. ಕೆಂಪು ವೆಲ್ವೆಟ್ಟಿನ ಮೇಲೆ ಬಳ್ಳವನ್ನು ಕೊಂಚ ವಾಲಿಸಿ ಇಟ್ಟಿದ್ದೆವು, ಒಳಗಿನ ಹೊಳಪು ಕಾಣಲಿ ಎಂದು.

ಕೆಂಪಮ್ಮ ಗಾಜಿಗೆ ಹಣೆ ಹಚ್ಚಿ ನೋಡಿದಳು.

"ಅಕ್ಕಿ ಎಲ್ಲವ್ವ?"

"ಹುಳು ಬೀಳತ್ತೆ ಅಂತ ತೆಗೆದ್ವಿ. ಆದ್ರೆ ಒಂದು ಕಾಳೂ ಹಾಳು ಮಾಡ್ಲಿಲ್ಲ ಕೆಂಪಮ್ಮ. ನಮ್ಮಮ್ಮ ಹುಗ್ಗಿ ಮಾಡಿದ್ರು."

"ಬೆಲ್ಲ ಹಾಕಿ?"

"ಹೂಂ, ಬೆಲ್ಲ ಹಾಕಿ."

"ಎಲೆ ಮ್ಯಾಲೆ ಉಂಡ್ರಾ?"

"ಎಲ್ಲರೂ ಕೂತು ಉಂಡ್ವಿ. ಎಷ್ಟು ಚೆನ್ನಾಗಿತ್ತು ಗೊತ್ತಾ!"

ಕೆಂಪಮ್ಮ ಗಾಜಿನಿಂದ ಹಣೆ ತೆಗೆದಳು. ಅಲ್ಲಿ ಅವಳ ಕುಂಕುಮದ ಗುರುತು ಉಳಿದಿತ್ತು; ಸೆರಗಿನಿಂದ ಅದನ್ನು ಒರೆಸಿದಳು. "ಚೆಂದಾಗಿತ್ತಾ" ಎಂದಳು, ಕೇಳುವ ದನಿಯಲ್ಲಲ್ಲ. ಭಾಷಣ ಮುಗಿಯುವ ತನಕ ಮುಂದಿನ ಸಾಲಿನಲ್ಲೇ ಕೂತಿದ್ದಳು. ಹೋಗುವಾಗ ಅಕ್ಕನಿಗೆ ಹೇಳಿಯೂ ಹೋದಳು.

ಮರುದಿನ ಬೆಳಿಗ್ಗೆ ನಾವು ಉಳಿದುಕೊಂಡಿದ್ದ ಹಿಂಬದಿಯ ಕೋಣೆಗೆ ಬಂದಾಗ ಅವಳ ಕೈಗಳು ಬರಿದಾಗಿದ್ದವು. ಮುಂಗೈಯಲ್ಲಿ ಗಾಜು ಗೀರಿದ ಸಣ್ಣ ಗಾಯಗಳು. ಹಣೆ ಖಾಲಿ. ಹೊಸ್ತಿಲಾಚೆ ಕೂತು, ಅಕ್ಕಿಯ ವಿಷಯವನ್ನು ಮೇಲೆ ಬರೆದಿದ್ದೇನಲ್ಲ, ಅದನ್ನೆಲ್ಲ ಹೇಳಿದಳು. ದನಿಯಲ್ಲಿ ಕೋಪವಿರಲಿಲ್ಲ.

ಅಕ್ಕ ಅವಳ ಕಾಲ ಬಳಿ ಹೋಗಿ ಕೂತಳು. "ನಂಗೆ ಒಂದು ಮಾತು ಹೇಳಬಾರದಿತ್ತಾ ಕೆಂಪಮ್ಮ?"

"ಬಾಯಲ್ಲಿ ಆಡಂಗಿಲ್ಲ ಕನ ಅದ. ಆಡುದ್ರೆ ಆಗೋಯ್ತದೆ."

"ಈಗಲೇ ತುಂಬಿಸ್ತೀನಿ. ಅಂಗಡಿ ತೆಗೆದಿರತ್ತೆ. ಗಾಜೂ ಬೇಡ, ಏನೂ ಬೇಡ. ದೀಪದ ಪಕ್ಕದಲ್ಲೇ ಇಡೋಣ. ನಮಗೆ ಗೊತ್ತಿರ್ಲಿಲ್ಲ, ಗೊತ್ತಿಲ್ದೆ ಉಂಡಿದ್ದು ಲೆಕ್ಕಕ್ಕೆ ಬರತ್ತಾ?"

"ಉಂಡಾದ ಮ್ಯಾಲೆ ಎಲೆ ಎತ್ಲೇಬೇಕಲ್ವಾ ಮೇಷ್ಟ್ರಮ್ಮ" ಎಂದಳು ಕೆಂಪಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಮಾರ್ಕೆಟ್ಟು ಅಷ್ಟು ಹತ್ರಾನಾ ನಿಮ್ಮನೆಗೆ?" ಎಂದು ಕೇಳಿದಳು. ಹತ್ತಿರವೇ ಎಂದೆ. "ಅಂಗಾರೆ ಅವರ ಅಕ್ಕಿ ಅವರಿರೋ ತಾವೇ ಬೆಂದದೆ" ಎಂದು ತಲೆ ತಗ್ಗಿಸಿದಳು. ಅದು ಸಮಾಧಾನವೋ ಸಂಕಟವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕ ಆಮೇಲೆ ಹಿರೇಮೆಟ್ಟಿಗೆ ಹೋಗಲೇ ಇಲ್ಲ. ಮ್ಯೂಸಿಯಮ್ಮಿನ ಬೀಗದ ಕೈ ಯಾರ್ಯಾರದೋ ಕೈಗೆ ಹೋಗಿ, ಕೆಲವು ವರ್ಷಗಳಲ್ಲಿ ಬಾಗಿಲು ತೆರೆಯುವವರೂ ಇಲ್ಲದೆ ಹೋಯಿತೆಂದು ಕೇಳಿದೆವು. ಅಮ್ಮನಿಗೆ ನಾವು ಏನೂ ಹೇಳಲಿಲ್ಲ. ಹೊಸ ಶತಮಾನ ಬಂದು, ಊರೆಲ್ಲ ಬದಲಾಗುತ್ತಿದ್ದಾಗಲೂ ಅಕ್ಕ ತರಕಾರಿಗೆಂದು ಮಾರ್ಕೆಟ್ಟಿಗೆ ಹೋಗುವಳು. ಬೀದಿಯಲ್ಲೇ ಗಾಡಿ ಬರುತ್ತದಲ್ಲ ಎಂದರೆ ಕೇಳುತ್ತಿರಲಿಲ್ಲ. ಒಮ್ಮೆ ನಾನೂ ಜೊತೆಗೆ ಹೋದೆ. ಹೂವಿನವರನ್ನೂ ಮೂಟೆ ಹೊರುವವರನ್ನೂ ದಾಟಿ ಹಣ್ಣಿನ ಸಾಲಿಗೆ ಬಂದು, ಕಿತ್ತಳೆ ಮಾರುವ ಒಬ್ಬೊಬ್ಬ ಮುದುಕನ ಮುಖವನ್ನೂ ನೋಡುತ್ತ ನಿಧಾನವಾಗಿ ನಡೆದಳು. ಏನು ಬೇಕಮ್ಮ ಎಂದು ಅವರು ಕೇಳಿದರೆ ಏನೂ ಬೇಡ ಎನ್ನುವಳು. ಹಾಗೆ ಹುಡುಕುತ್ತಲೇ ಅವಳೂ ತೀರಿಹೋದಳು.

ಮ್ಯೂಸಿಯಂ ತೆರೆದ ಮರುದಿನ ಬೆಳಿಗ್ಗೆ ಕೆಂಪಮ್ಮ ಬಂದದ್ದು ಒಂದು ಕೆಲಸವಿಟ್ಟುಕೊಂಡು. ಆ ಅಕ್ಕಿಯನ್ನು ಉಂಡವರು ತೊರೆಯ ದಂಡೆಯಲ್ಲಿ ನಿಂತು, ಸತ್ತವನ ಹೆಸರು ಹಿಡಿದು ಮೂರು ಸಲ ಕೂಗಿ ಕಳಿಸಿಕೊಡಬೇಕಂತೆ. ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಅವನ ಕಡೆಯವರು ಯಾರೂ ಉಳಿದಿಲ್ಲ. "ನೀವೇ ಉಂಡೋರು. ನೀವೇ ಕಳಿಸ್ಕೊಡಿ" ಎಂದಳು.

ಮೂವರೂ ತೊರೆಗೆ ಇಳಿದೆವು. ರಾತ್ರಿ ಸಣ್ಣ ಮಳೆಯಾಗಿ ಹುಲ್ಲು ಜಾರುತ್ತಿತ್ತು. ಎದುರು ದಂಡೆಯಿಂದ ಕಾಲುದಾರಿಯೊಂದು ಬೆಟ್ಟದ ಕೆಳಕ್ಕೆ, ಬಯಲಿನ ಕಡೆಗೆ ಇಳಿದು ಹೋಗುತ್ತಿತ್ತು. ಕೆಂಪಮ್ಮ ನೀರಿನ ಅಂಚಿನಲ್ಲಿ ತಲೆ ತಗ್ಗಿಸಿ ಕೂತಳು. ಅಕ್ಕ ಬಾಯಿ ತೆರೆದಳು. ಕ್ಲಾಸಿನಲ್ಲಿ ಮೈಕಿಲ್ಲದೆ ಪಾಠ ಮಾಡಿದ ನನ್ನ ಅಕ್ಕನ ಗಂಟಲಿನಿಂದ ಗಾಳಿ ಮಾತ್ರ ಬಂತು. ಟ್ರಂಕು ಹೊತ್ತು ನಗುತ್ತ ಬಂದವನನ್ನು ಅವಳು ನೋಡಿದ್ದಳು. ಇನ್ನೊಮ್ಮೆ ಪ್ರಯತ್ನಿಸಿ, ನನ್ನ ಭುಜ ಹಿಡಿದು, "ಲಲಿ, ನೀನು ಹೇಳೇ" ಎಂದಳು.

ಆ ಮನುಷ್ಯನ ಫೋಟೋವನ್ನೂ ನಾನು ಕಂಡಿರಲಿಲ್ಲ. ಆದರೆ ಅವನ ಪಾಲನ್ನು ಎರಡು ಸಲ ಹಾಕಿಸಿಕೊಂಡು ಉಂಡವಳು. ಎಲೊಕ್ಯೂಷನ್ ಕ್ಲಾಸಿನಲ್ಲಿ ಕಲಿಸಿದ್ದ ಹಾಗೆ ಉಸಿರನ್ನು ಹೊಟ್ಟೆಯಿಂದ ಎಳೆದುಕೊಂಡು, ಎದುರು ದಂಡೆಯನ್ನು ನೋಡುತ್ತ, ಇದ್ದಷ್ಟು ದನಿಯಲ್ಲಿ ಕೂಗಿದೆ.

"ಸಿದ್ದಯ್ಯಾ..."

ಎಷ್ಟೋ ವರ್ಷಗಳಿಂದ ಅವಳ ಎದುರು ಯಾರೂ ಆ ಹೆಸರನ್ನು ಕೂಗಿರಲಿಲ್ಲ. ಕೆಂಪಮ್ಮ ತಟ್ಟನೆ ತಲೆ ಎತ್ತಿ ದಾರಿಯ ಕಡೆ ನೋಡಿದಳು.

ನಾನು ಇನ್ನೂ ಎರಡು ಸಲ ಕೂಗಬೇಕಿತ್ತು.